ತೊಟ್ಟಿಲು ಕಟ್ಟಿದ ಮನೆ, ಕಾಯ್ದಿಟ್ಟ ಕೆಲಸ

ಶಹಾಪುರದ ಕಡೆಯ ಒಬ್ಬ ಹೆಣ್ಣುಮಗಳು ಖಾಸಗಿ ಶಾಲೆಯೊಂದರಲ್ಲಿ ಮೂರು ವರ್ಷ ಪಾಠ ಹೇಳಿದಳು. ಚೊಚ್ಚಲ ಬಸುರಿ. ಕುಬಸವಾಯಿತು; ತವರಿನವರು ಬಂದು ಸುರಪುರಕ್ಕೆ ಕರೆದುಕೊಂಡು ಹೋದರು. ಹೊರಡುವ ಮುನ್ನ ಮುಖ್ಯಾಧ್ಯಾಪಕರಿಗೆ ಬಾಯಿಮಾತಿನಲ್ಲಿ ತಿಳಿಸಿದ್ದಳು. ಮಗುವಿಗೆ ನಾಲ್ಕು ತಿಂಗಳು ತುಂಬಿದ ಮೇಲೆ ಶಾಲೆಗೆ ಮರಳಿದಾಗ ಅವಳ ತರಗತಿಯಲ್ಲಿ ಬೇರೊಬ್ಬರು ನಿಂತಿದ್ದರು. “ಅಕ್ಕೋರೆ, ನೀವು ಕೆಲಸ ಬಿಟ್ಟಿರೆಂದು ತಿಳಿದಿದ್ದೆವು” ಎಂದಷ್ಟೇ ಉತ್ತರ ಬಂದಿತು. ಈ ಸಂಗತಿ ನಡೆದು ಕೆಲವು ವರ್ಷಗಳಾದುವು. ಇಂತಹ ಉತ್ತರವನ್ನು ಕೇಳಿ ಸುಮ್ಮನೆ ಮನೆಗೆ ಹಿಂದಿರುಗಿದವರು ನಮ್ಮ ವಾಚಕರ ಮನೆಗಳಲ್ಲಿಯೂ ಇರಬಹುದಾದುದರಿಂದ, ಕಾಯಿದೆಯು ಏನು ಹೇಳುತ್ತದೆಂಬುದನ್ನು ಇಲ್ಲಿ ವಿವರಿಸುತ್ತೇವೆ.

ಹೆರಿಗೆಯ ರಜೆಯಲ್ಲಿರುವವಳನ್ನು ಆ ಕಾರಣಕ್ಕಾಗಿ ಕೆಲಸದಿಂದ ತೆಗೆಯಕೂಡದು. ರಜೆಯ ಕಾಲದಲ್ಲಿ ತೆಗೆದೆವೆಂದು ನೋಟೀಸು ಕೊಡಲೂ ಕೂಡದು. ಅವಳಿಗೆ ನಷ್ಟವಾಗುವಂತೆ ನೌಕರಿಯ ಷರತ್ತುಗಳನ್ನು ಬದಲಾಯಿಸಲೂ ಕೂಡದು. ೧೯೬೧ರ ಹೆರಿಗೆ ಸೌಲಭ್ಯ ಕಾಯಿದೆಯಲ್ಲಿ ಇದ್ದ ಈ ನಿಯಮವು, ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಹಾಗೆಯೇ ಉಳಿದಿದೆ. ಹತ್ತು ಮಂದಿ ಅಥವಾ ಅದಕ್ಕೆ ಹೆಚ್ಚು ಜನ ದುಡಿಯುವ ಅಂಗಡಿಗೂ ಸಂಸ್ಥೆಗೂ ಇದು ಅನ್ವಯಿಸುತ್ತದೆ. ಹೆರಿಗೆಯ ದಿನಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ ೮೦ ದಿನ ಕೆಲಸಮಾಡಿದ್ದರೆ ಸಾಕು, ಸಂಬಳಸಹಿತವಾದ ರಜೆಗೆ ಅವಳು ಅರ್ಹಳು. ಮೊದಲಿನ ಎರಡು ಮಕ್ಕಳಿಗೆ ೨೬ ವಾರ. ಬಳಿಕ ೧೨ ವಾರ. ಅನ್ಯಾಯವಾಗಿ ತೆಗೆದರೆ ೬೦ ದಿನಗಳೊಳಗಾಗಿ ಅಧಿಕಾರಿಗೆ ಅಪೀಲು ಮಾಡಬೇಕು.

ಇಲ್ಲೊಂದು ತೊಡಕುಂಟು. ನಮ್ಮಲ್ಲಿ ಏಳನೆಯ ತಿಂಗಳಿನಲ್ಲಿಯೇ ಬಸುರಿಯನ್ನು ತವರಿಗೆ ಕಳುಹಿಸುವುದು ರೂಢಿ. ಕಾಯಿದೆಯಾದರೋ, ೨೬ ವಾರಗಳಲ್ಲಿ ಎಂಟು ವಾರಗಳನ್ನು ಮಾತ್ರ ಹೆರಿಗೆಗೆ ಮುಂಚೆ ಬಳಸಿಕೊಳ್ಳಲು ಬಿಡುತ್ತದೆ. ಅದಕ್ಕೂ ಮೊದಲೇ ಹೊರಟವಳು ಆ ದಿನಗಳಿಗೆ ಬೇರೆ ರಜೆಯನ್ನು ಬರೆದು ಪಡೆಯದಿದ್ದರೆ, ಹೇಳದೆ ಕೇಳದೆ ಹೋದಳೆಂಬ ಮಾತಿಗೆ ಎಡೆಯಾಗುತ್ತದೆ. ಪಂಚಾಂಗ ನೋಡಿ ದಿನ ಗೊತ್ತುಮಾಡುವ ಹಿರಿಯರು ವೈದ್ಯರು ಬರೆದುಕೊಟ್ಟ ತಾರೀಖನ್ನೂ ಒಮ್ಮೆ ನೋಡಿದರೆ ಬಾಧಕವಿಲ್ಲ. ಅರ್ಜಿಯನ್ನು ಕೊಡಲು ಮರೆತ ಮಾತ್ರಕ್ಕೆ ಹಕ್ಕು ಕಳೆದುಹೋಗುವುದಿಲ್ಲವೆಂಬುದು ನಿಜ. ಆದರೆ ಬರೆಹವಿಲ್ಲದ ಮಾತನ್ನು ಕಛೇರಿಯಲ್ಲಿ ಸಿದ್ಧಪಡಿಸುವುದು ಬಾಣಂತಿಯ ಪಾಡಿಗೆ ಸುಲಭವಲ್ಲ.

ಈ ಹಕ್ಕು ಸುಲಭವಾಗಿ ದೊರೆತದ್ದೂ ಅಲ್ಲ. ೧೯೧೯ರಲ್ಲಿ ವಾಷಿಂಗ್ಟನ್ನಿನಲ್ಲಿ ಕೂಡಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಇದನ್ನು ಮೊದಲು ಒಪ್ಪಿತು. ಮುಂಬಯಿಯ ಶಾಸನಸಭೆಯಲ್ಲಿ ೧೯೨೮ರಲ್ಲಿ ಮಸೂದೆ ಬಂದಾಗ ಡಾಕ್ಟರ್ ಅಂಬೇಡ್ಕರರು ಅದನ್ನು ಸಮರ್ಥಿಸಿ ಮಾತನಾಡಿದರು; ೧೯೨೯ರಲ್ಲಿ ಅದು ಕಾಯಿದೆಯಾಯಿತು. ಆಗ ತಾಳೀಕೋಟೆಯ ಸೀಮೆ ಮುಂಬಯಿ ಪ್ರಾಂತದ್ದು. ಪಕ್ಕದ ಸುರಪುರ, ಶಹಾಪುರ, ಯಾದಗಿರಿಗಳು ನಿಜಾಮರ ರಾಜ್ಯದವು. ಒಂದೇ ಎರೆಯ ಹೊಲ, ಒಂದೇ ಭಾಷೆ. ಕಾಯಿದೆ ಮಾತ್ರ ಗಡಿಯ ಕಲ್ಲಿನ ಆಚೆಗೇ ನಿಂತಿತು!

ಕಾಯಂ ನೌಕರರಲ್ಲವೆಂದು ಹಿಂಜರಿಯುವವರೇ ಈಗ ಹೆಚ್ಚು. ದೆಹಲಿಯ ರಸ್ತೆಗಳಲ್ಲಿ ದಿನಗೂಲಿಗೆ ಮಣ್ಣು ಹೊರುತ್ತಿದ್ದ ಹೆಂಗಸರಿಗೂ ಈ ಸೌಲಭ್ಯ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೦೦ದಲ್ಲಿಯೇ ತೀರ್ಪಿತ್ತಿದೆ. ಕರಾರಿನ ಅವಧಿ ತೀರಿದರೂ ಹೆರಿಗೆಯ ಸೌಲಭ್ಯ ತೀರುವುದಿಲ್ಲವೆಂದು ಅದೇ ನ್ಯಾಯಾಲಯ ೨೦೨೩ರಲ್ಲಿ ಹೇಳಿತು. ನಮ್ಮ ಹೈಕೋರ್ಟು ೨೦೨೦ರಲ್ಲಿ, ಪುರಸಭೆಯೊಂದು ಹೆರಿಗೆಯ ರಜೆಯ ನೆಪದಿಂದ ತೆಗೆದುಹಾಕಿದ್ದ ಗುತ್ತಿಗೆಯ ನೌಕರಳನ್ನು ಪುನಃ ಸೇರಿಸಿಕೊಳ್ಳುವಂತೆ ಆಜ್ಞಾಪಿಸಿತು. ತಂದೆಯಾದವನ ಮಾತು ಬೇರೆ: ರಾಜ್ಯ ಸರ್ಕಾರದ ನೌಕರನಿಗೆ ೧೫ ದಿನಗಳ ರಜೆಯುಂಟು, ಖಾಸಗಿಯವನಿಗೆ ಯಜಮಾನನ ದಯೆಯೇ ಗತಿ.

ಇಷ್ಟೆಲ್ಲ ಬರೆದರೂ, ಹತ್ತಿಯ ಹೊಲದಲ್ಲಿ ತುಂಬಿದ ಬಸುರಿಯಾಗಿ ಉಡಿ ಕಟ್ಟಿಕೊಂಡು ಬಿಡಿಸುವವಳಿಗೆ ಇದರಲ್ಲಿ ಒಂದಕ್ಷರವೂ ಸಲ್ಲದು. ಇಂದು ಒಬ್ಬರ ಹೊಲ, ನಾಳೆ ಇನ್ನೊಬ್ಬರದು. ಬಿಡಿಸಿದ ತೂಕಕ್ಕೆ ಕೂಲಿ. ಕಾಯ್ದಿರಿಸಲು ಅವಳಿಗೆ ಹುದ್ದೆಯೆಂಬುದೇ ಇಲ್ಲ. ಮಾತೃವಂದನಾ ಯೋಜನೆಯಿಂದ ಚೊಚ್ಚಲ ಹೆರಿಗೆಗೆ ೫೦೦೦ ರೂಪಾಯಿ ದೊರೆಯುವುದುಂಟು. ಅಂಗನವಾಡಿಯಲ್ಲಿ ಹೆಸರು ಬರೆಸಿದರೆ ಕೆಲಸವಾದೀತು.

ಮೊದಲು ಹೇಳಿದ ಹೆಣ್ಣುಮಗಳು ವಕೀಲರನ್ನು ಕೇಳುವ ವೇಳೆಗೆ ೬೦ ದಿನಗಳು ಕಳೆದುಹೋಗಿದ್ದುವು. ಎರಡನೆಯ ಹೆರಿಗೆಯ ಹೊತ್ತಿಗೆ ಅವಳು ಬೇರೆ ಶಾಲೆಯಲ್ಲಿದ್ದಳು. ಈ ಸಲ ಅರ್ಜಿಯ ಎರಡು ಪ್ರತಿಗಳನ್ನು ಬರೆದು, ಒಂದರ ಮೇಲೆ ಗುಮಾಸ್ತನ ಸಹಿಯನ್ನೂ ಮೊಹರನ್ನೂ ಹಾಕಿಸಿಕೊಂಡು, ಕುಬಸದ ಸೀರೆಯ ಮಡಿಕೆಯಲ್ಲಿಟ್ಟು ತವರಿಗೆ ಹೊರಟಳು.