ಗದ್ದೆಯನ್ನು ಮಟ್ಟ ಮಾಡುವ ಹಲಗೆ: ಊರಿನಲ್ಲಿಯೇ ತಯಾರಿಸುವ ಕ್ರಮ

ಗದ್ದೆಯ ಮಟ್ಟವು ಸರಿಯಾಗಿಲ್ಲದಿದ್ದರೆ ತಗ್ಗಿನ ಪೈರು ನೀರಿನಲ್ಲಿ ಮುಳುಗಿ, ದಿಬ್ಬದ ಪೈರು ಒಣಗುವುದೆಂಬುದನ್ನು ಬೇಸಾಯಗಾರರೆಲ್ಲರೂ ಬಲ್ಲರು. ದಿಬ್ಬಕ್ಕೆ ನೀರೇರಿಸುವುದಕ್ಕಾಗಿ ಗದ್ದೆಯಲ್ಲೆಲ್ಲಾ 1 ಅಂಗುಲದಷ್ಟು ಹೆಚ್ಚು ನೀರು ಕಟ್ಟಿದರೆ, ಎಕರೆಯೊಂದಕ್ಕೆ ಸುಮಾರು 1 ಲಕ್ಷ ಲೀಟರು ನೀರು ಅಧಿಕವಾಗಿ ಬೇಕಾಗುವುದು. ಕಾಲುವೆಯ ಕೊನೆಯ ಗದ್ದೆಗಳಿಗೆ ಸಲ್ಲಬೇಕಾದ ನೀರು ಹೀಗೆ ಮೇಲಿನ ಗದ್ದೆಗಳಲ್ಲಿಯೇ ವ್ಯಯವಾಗುವುದು.

ದೊಡ್ಡ ಹಿಡುವಳಿಗಳನ್ನು ಲೇಸರ್ ಕಿರಣದ ಯಂತ್ರದಿಂದ ಮಟ್ಟ ಮಾಡಿಸಬಹುದು. ಸಣ್ಣ ಗದ್ದೆಗಳಿಗಾದರೋ ಒಂದು ಜೋಡಿ ಎತ್ತು ಎಳೆಯುವ ಹಲಗೆಯೇ ಸಾಕು. ಇದರ ತತ್ತ್ವವು ಹೊಸದಲ್ಲ. ಅಮೆರಿಕದ ಫ್ರೆಸ್ನೊ ಪಟ್ಟಣದಲ್ಲಿ ಜೇಮ್ಸ್ ಪೋರ್ಟಿಯಸ್ ಎಂಬವರು ಕುದುರೆಗಳು ಎಳೆಯುವ ಮಣ್ಣುಕೆರೆಯುವ ಸಾಧನವೊಂದಕ್ಕೆ 1883ರಲ್ಲಿಯೇ ಪೇಟೆಂಟ್ ಪಡೆದಿದ್ದರು.

ತಯಾರಿಸುವ ಕ್ರಮ: 4 ಅಡಿ ಉದ್ದ, 15 ಅಂಗುಲ ಎತ್ತರ, 2 ಅಂಗುಲ ದಪ್ಪವುಳ್ಳ ಜಾಲಿ ಅಥವಾ ಮತ್ತಿ ಮರದ ಹಲಗೆಯನ್ನು ಆರಿಸಿಕೊಳ್ಳತಕ್ಕದ್ದು. ಅದರ ಕೆಳ ಅಂಚಿಗೆ 3 ಅಂಗುಲ ಅಗಲದ ಕಬ್ಬಿಣದ ಪಟ್ಟಿಯನ್ನು, ಮರದಿಂದ 1 ಅಂಗುಲ ಕೆಳಗೆ ಚಾಚಿರುವಂತೆ, ಬೋಲ್ಟುಗಳಿಂದ ಬಿಗಿಯಬೇಕು. ಹಳೆಯ ಗಾಡಿಚಕ್ರದ ಪಟ್ಟಿಯನ್ನು ಕಮ್ಮಾರನಿಂದ ನೆಟ್ಟಗೆ ಮಾಡಿಸಿಕೊಂಡರೆ ಖರ್ಚು ಉಳಿಯುವುದು. ಮಣ್ಣು ಪಕ್ಕಗಳಿಗೆ ಜಾರದಂತೆ ಹಲಗೆಯ ಎರಡು ತುದಿಗಳಲ್ಲಿಯೂ 1 ಅಡಿ ಉದ್ದದ ಪಕ್ಕದ ಹಲಗೆಗಳನ್ನು ಮುಂದಕ್ಕೆ ಜೋಡಿಸಬೇಕು. ಹಿಮ ಬೀಳುವ ದೇಶಗಳಲ್ಲಿ ಹಿಮವನ್ನು ತಳ್ಳುವ ಸಾಧನಗಳಿಗೂ ಇಂಥ ಪಕ್ಕಗಳಿರುವುವು. ಇವುಗಳ ತಳವು ಕಬ್ಬಿಣದ ಅಂಚಿಗಿಂತ ಸ್ವಲ್ಪ ಮೇಲಿರಲಿ.

ಎಳೆಯುವ ಸರಪಳಿಯ ಕೊಂಡಿಗಳನ್ನು ಕೆಳಗಿನಿಂದ 5 ಅಂಗುಲ ಎತ್ತರದಲ್ಲಿ, ಎರಡು ಕಡೆಗಳಲ್ಲಿಯೂ ಸಮನಾಗಿ ಕೂರಿಸಬೇಕು. ಹಿಂಭಾಗದ ನಡುವೆ 5 ಅಡಿ ಉದ್ದದ ಮೇಳಿಯನ್ನು, ಅದರ ತುದಿಯು ಆಳಿನ ಸೊಂಟದ ಮಟ್ಟಕ್ಕೆ ಬರುವಂತೆ, ಊರೆಗೋಲು ಕೊಟ್ಟು ಭದ್ರಪಡಿಸಬೇಕು.

ಉಪಯೋಗಿಸುವ ಕ್ರಮ: ಮೊದಲು ಗದ್ದೆಗೆ ತೆಳುವಾಗಿ ನೀರು ಹಾಯಿಸಿ, ನೀರಿನಿಂದ ಮೇಲೆ ಕಾಣುವ ಸ್ಥಳಗಳಲ್ಲಿ ಕಡ್ಡಿಗಳನ್ನು ನೆಡಬೇಕು. ನೀರು ಬಸಿದು ಮಣ್ಣು ಹದಕ್ಕೆ ಬಂದ ಮೇಲೆ ದಿಬ್ಬಗಳನ್ನು ಉಳಬೇಕು. ಗಟ್ಟಿನೆಲವನ್ನು ಕಡಿಯುವುದು ಈ ಹಲಗೆಯ ಕೆಲಸವಲ್ಲ. ಮೇಳಿಯನ್ನು ಒತ್ತಿ ಹಿಡಿದರೆ ಮಣ್ಣು ಹಲಗೆಯ ಮುಂದೆ ಶೇಖರವಾಗುವುದು. ತಗ್ಗಿಗೆ ಬಂದೊಡನೆ ಮೇಳಿಯನ್ನೆತ್ತಿದರೆ ಹಲಗೆಯು ಮುಂದಕ್ಕೆ ವಾಲಿ, ಮಣ್ಣು ಅಲ್ಲಿಯೇ ಉಳಿಯುವುದು. ಹಲಗೆಯನ್ನು 4 ಅಡಿಗಿಂತ ಉದ್ದವಾಗಿ ಮಾಡಿದರೆ ಒಂದು ಜೋಡಿ ಎತ್ತುಗಳಿಗೆ ಅತಿಭಾರವಾಗುವುದು.

ಎಚ್ಚರಿಕೆ: ಪೈರಿಗೆ ಆಹಾರವೀಯುವ ಸತ್ತ್ವವು ಬಹುಮಟ್ಟಿಗೆ ಮೇಲ್ಮಣ್ಣಿನಲ್ಲಿರುವುದು. ಅದನ್ನೆಲ್ಲಾ ತಗ್ಗಿಗೆ ಎಳೆದುಹಾಕಿದರೆ ಮಟ್ಟವಾದ ಗದ್ದೆಯಲ್ಲಿಯೂ ದಿಬ್ಬವಿದ್ದ ಜಾಗದ ಪೈರು ಬಡವಾಗಿಯೇ ಇರುವುದು. ಆದುದರಿಂದ ಹೆಚ್ಚು ಆಳ ತೆಗೆಯಬೇಕಾದಲ್ಲಿ ಮೇಲ್ಮಣ್ಣನ್ನು ಒತ್ತಟ್ಟಿಗೆ ಎಳೆದಿಟ್ಟು, ಅಡಿಮಣ್ಣನ್ನು ಸಮ ಮಾಡಿ, ಅನಂತರ ಅದನ್ನು ಮೇಲೆ ಹರಡಬೇಕು. ಇಲ್ಲವಾದರೆ ಕೆಲಸವನ್ನು ಎರಡು ಮೂರು ವರ್ಷಗಳಿಗೆ ಹಂಚಿಕೊಳ್ಳುವುದು ಮೇಲು. ಮಣ್ಣು ತೆಗೆದ ಜಾಗಕ್ಕೆ ಕೊಟ್ಟಿಗೆ ಗೊಬ್ಬರವನ್ನು ಹೆಚ್ಚಾಗಿ ಕೊಡತಕ್ಕದ್ದು.

ಪ್ರತಿಯೊಬ್ಬರೂ ಪ್ರತ್ಯೇಕವಾಗಿ ಹಲಗೆ ಮಾಡಿಸಬೇಕಾದ ಅಗತ್ಯವಿಲ್ಲ. ಊರಿನ ಮುಖ್ಯಸ್ಥರು ಬೇಸಿಗೆಯಲ್ಲಿ ಬಡಗಿ ಕಮ್ಮಾರರಿಂದ ಒಂದನ್ನು ಮಾಡಿಸಿಟ್ಟು, ಸರದಿಯಂತೆ ಎಲ್ಲರಿಗೂ ದೊರೆಯುವಂತೆ ಏರ್ಪಡಿಸಿದರೆ, ಕಾಲುವೆಯ ಕೊನೆಯವರೆಗೂ ನೀರು ತಲಪಲು ಅನುಕೂಲವಾಗುವುದು.