ಮೊದಲು ಬಂದವರಿಗೆ ಮೊದಲ ಚಿಕಿತ್ಸೆ ಯಾಕಿಲ್ಲ?

"ಸಾರ್, ನಾವು ಬಂದು ಒಂದು ಗಂಟೆ ಆಯ್ತು. ಈಗ ಬಂದೋರನ್ನ ಒಳಗೆ ಕರ್ಕೊಂಡ್ರಲ್ಲ, ನಾವೇನು ಮನುಷ್ಯರಲ್ವಾ?"

ಸರ್ಕಾರಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ ವೈದ್ಯನಾಗಿ ನಾನು ಈ ಮಾತನ್ನು ಕೇಳದ ದಿನವಿಲ್ಲ. ಪ್ರಶ್ನೆ ತಪ್ಪಲ್ಲ. ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಮೊದಲು ಬಂದವರದೇ ಮೊದಲ ಸರದಿ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲೂ ಚೀಟಿಯ ಸಂಖ್ಯೆಯಂತೆಯೇ ಕರೆಯುತ್ತಾರೆ. ತುರ್ತು ವಿಭಾಗದಲ್ಲಿ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಯಾಕೆ ಎನ್ನುವುದನ್ನು ಮಿರ್ಲೆಯ ವಿದ್ಯಾರ್ಥಿಗಳಾದ ನೀವು ತಿಳಿದುಕೊಂಡರೆ ನಿಮ್ಮ ಮನೆಯವರಿಗೂ ಹೇಳಬಹುದು.

ಇಲ್ಲಿ ರೋಗಿಗಳನ್ನು ಅಪಾಯದ ಮಟ್ಟಕ್ಕೆ ತಕ್ಕಂತೆ ವಿಂಗಡಿಸುತ್ತೇವೆ. ಇದರ ಹೆಸರು ಟ್ರಯಾಜ್. ನೆಪೋಲಿಯನ್ನನ ಸೇನೆಯಲ್ಲಿ ಶಸ್ತ್ರವೈದ್ಯನಾಗಿದ್ದ ಡೊಮಿನಿಕ್ ಲಾರೆ, ಗಾಯಾಳುವಿನ ಹುದ್ದೆ ನೋಡದೆ ಗಾಯ ಎಷ್ಟು ಗಂಭೀರವಾಗಿದೆ ಎಂಬುದನ್ನಷ್ಟೇ ನೋಡಿ ಚಿಕಿತ್ಸೆ ಕೊಡುವ ಪದ್ಧತಿ ತಂದ. ಇಂದಿಗೂ ತತ್ವ ಅದೇ. ಕೆಂಪು ಎಂದರೆ ಈಗಲೇ ನೋಡದಿದ್ದರೆ ಜೀವ ಹೋಗಬಹುದು. ಹಳದಿ ಎಂದರೆ ಬೇಗ ನೋಡಬೇಕು. ಹಸಿರು ಎಂದರೆ ಕಾಯಬಹುದು.

ಬಣ್ಣ ನಿರ್ಧರಿಸಲು ಮೊದಲು ನೋಡುವುದು ನಾಲ್ಕು ಸಂಗತಿ: ಉಸಿರಿನ ದಾರಿ ತೆರೆದಿದೆಯೇ, ಉಸಿರಾಟ ಸರಿಯಿದೆಯೇ, ರಕ್ತ ಸಂಚಾರ ಹೇಗಿದೆ, ಪ್ರಜ್ಞೆ ಇದೆಯೇ. ಹಾಗಾಗಿ ಜೋರಾಗಿ ಕೂಗುವವನಿಗಿಂತ ಮೂಲೆಯಲ್ಲಿ ಸುಮ್ಮನೆ ಒರಗಿದವನ ಕಡೆ ನಮ್ಮ ಕಣ್ಣು ಹೆಚ್ಚು. ಕೂಗುವವನಿಗೆ ನೋವಿದೆ, ನಿಜ. ಆದರೆ ಕೂಗಬೇಕಾದರೆ ಶ್ವಾಸಕೋಶಕ್ಕೆ ಗಾಳಿ ಹೋಗುತ್ತಿರಬೇಕು, ಮಿದುಳಿಗೆ ರಕ್ತ ತಲುಪುತ್ತಿರಬೇಕು. ಕೈ ಮುರಿದವನು ಅರ್ಧ ಗಂಟೆ ಕಾಯಬಲ್ಲ. ಬೆವರುತ್ತಾ ಎದೆ ಹಿಡಿದು ಕುಳಿತವನು ಕಾಯಲಾರ. ಅವನಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಹೃದಯದ ರಕ್ತನಾಳ ಮುಚ್ಚಿದ್ದರೆ, ಹೆಪ್ಪು ಕರಗಿಸುವ ಚುಚ್ಚುಮದ್ದು ಬೇಗ ಕೊಟ್ಟಷ್ಟೂ ಹೃದಯದ ಸ್ನಾಯು ಉಳಿಯುತ್ತದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯ ಉದ್ದೇಶವೂ ಇದೇ: ದೂರದ ದೊಡ್ಡ ಆಸ್ಪತ್ರೆಗೆ ಓಡುವ ಮೊದಲೇ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ, ಚುಚ್ಚುಮದ್ದು ಸಿಗಬೇಕು.

ನಮ್ಮ ಭಾಗ ಭತ್ತದ ಗದ್ದೆಗಳ ಸೀಮೆ. ಹಾವು ಕಡಿತ ಹೊಸದಲ್ಲ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ಅನೇಕ ಸಲ ನೋವೂ ಇರುವುದಿಲ್ಲ, ಗುರುತೂ ಕಾಣುವುದಿಲ್ಲ. ಬೆಳಿಗ್ಗೆ ಹೊಟ್ಟೆನೋವು, ಆಮೇಲೆ ಕಣ್ಣು ರೆಪ್ಪೆ ಎತ್ತಲಾಗದು. ಮನೆಯವರು ನಿದ್ದೆಗಣ್ಣು ಅಂದುಕೊಳ್ಳುತ್ತಾರೆ, ನಮಗೆ ಅದು ಕೆಂಪು. ಕೊಳಕುಮಂಡಲದ ವಿಷ ರಕ್ತವನ್ನು ಹೆಪ್ಪುಗಟ್ಟದಂತೆ ಮಾಡುತ್ತದೆ. ಸ್ವಲ್ಪ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಓರೆ ಮಾಡಿದಾಗ ಇನ್ನೂ ಹರಿದರೆ ವಿಷ ಏರಿದೆ ಎಂದೇ ಅರ್ಥ. ಆಗ ಪ್ರತಿವಿಷ ಕೊಡುತ್ತೇವೆ. ಮಗುವಿಗೂ ದೊಡ್ಡವರಿಗೂ ಪ್ರಮಾಣ ಒಂದೇ, ಏಕೆಂದರೆ ಹಾವು ವಯಸ್ಸು ನೋಡಿ ವಿಷ ಬಿಡುವುದಿಲ್ಲ. ಕಚ್ಚಿದ ಜಾಗ ಕುಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಹಗ್ಗ ಕಟ್ಟಬೇಡಿ. ಮೂಳೆ ಮುರಿದಾಗ ಮಾಡುವಂತೆ ಕೈಕಾಲು ಅಲುಗದಂತೆ ಪಟ್ಟಿ ಇಟ್ಟು, ನಡೆಸದೆ ಕರೆತನ್ನಿ. ಹಾವನ್ನು ಹಿಡಿದು ತರುವುದು ಬೇಡ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು.

ರಂಜಾನ್ ತಿಂಗಳಲ್ಲಿ ಇನ್ನೊಂದು ಎಚ್ಚರ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರು ಉಪವಾಸವಿದ್ದಾಗ, ಇಫ್ತಾರ್‌ಗೆ ಮುಂಚಿನ ಹೊತ್ತಿನಲ್ಲಿ ಬೆವರಿ, ನಡುಗಿ, ತಡವರಿಸಿ ಮಾತಾಡಿದರೆ ಅದು ಬರೀ ಸುಸ್ತಲ್ಲ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿದ್ದರೆ ರೋಜಾ ಮುರಿಯಲೇಬೇಕು ಎನ್ನುವುದು ವೈದ್ಯರ ಸಲಹೆ. ಕಾಯಿಲೆಯವರಿಗೆ ಧರ್ಮವೇ ವಿನಾಯಿತಿ ಕೊಟ್ಟಿದೆ. ಎಚ್ಚರವಿದ್ದರೆ ಸಕ್ಕರೆ ನೀರು ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ.

ನಮ್ಮ ಕೆಲಸವನ್ನು ಕಷ್ಟ ಮಾಡುವುದು ಗುಂಪಲ್ಲ, ಮುಚ್ಚಿಟ್ಟ ಸತ್ಯ. ಹುಣಸೂರು, ಪಿರಿಯಾಪಟ್ಟಣದಲ್ಲಿ ಒದ್ದೆ ಹೊಗೆಸೊಪ್ಪು ಕೊಯ್ದವರ ಚರ್ಮದ ಮೂಲಕ ನಿಕೋಟಿನ್ ಒಳಸೇರಿ ವಾಂತಿ, ತಲೆಸುತ್ತು ಬರಬಹುದು. ಏನು ಕೆಲಸ ಮಾಡುತ್ತಿದ್ದರು ಎಂದು ಹೇಳದಿದ್ದರೆ ನಾವು ಊಟದಲ್ಲಿ ಕಾರಣ ಹುಡುಕುತ್ತೇವೆ. ಕೀಟನಾಶಕ ದೇಹ ಸೇರಿದಾಗಲಂತೂ ಪೊಲೀಸರ ಭಯಕ್ಕೆ, ಮರ್ಯಾದೆಯ ಭಯಕ್ಕೆ ಮನೆಯವರು "ಏನೋ ತಿಂದಿದ್ದಾಳೆ" ಎಂದಷ್ಟೇ ಹೇಳುತ್ತಾರೆ. ಜೀವಶಾಸ್ತ್ರ ಓದುವವರಿಗೆ ಅಸಿಟೈಲ್‌ಕೋಲಿನ್ ಗೊತ್ತಿರುತ್ತದೆ. ಅನೇಕ ಕೀಟನಾಶಕಗಳು ಅದನ್ನು ಒಡೆಯುವ ಕಿಣ್ವವನ್ನೇ ತಡೆಯುತ್ತವೆ. ಆಗ ಎದೆಯಲ್ಲಿ ನೀರು ತುಂಬಿದಂತಾಗಿ ಉಸಿರು ಕಟ್ಟುತ್ತದೆ. ಅಟ್ರೋಪಿನ್ ಕೊಟ್ಟು ಅದನ್ನು ತಡೆಯಬಹುದು. ಆದರೆ ಬೇರೆ ವಿಷಕ್ಕೆ ಬೇರೆ ಚಿಕಿತ್ಸೆ. ಆದ್ದರಿಂದ ಔಷಧಿಯ ಡಬ್ಬಿ ಅಥವಾ ಅದರ ಚೀಟಿಯ ಫೋಟೊ ತನ್ನಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ 2017ರ ಮಾನಸಿಕ ಆರೋಗ್ಯ ಕಾಯ್ದೆ ಭಾವಿಸುತ್ತದೆ. ಅವರಿಗೆ ಬೇಕಾದುದು ಆರೈಕೆ, ಶಿಕ್ಷೆಯಲ್ಲ. ಎಚ್ಚರವಾದ ಮೇಲೆ "ಸಾರ್, ನನ್ನನ್ನು ಉಳಿಸಿ" ಎಂದು ಕೈ ಹಿಡಿದುಕೊಂಡ ನಿಮ್ಮ ವಯಸ್ಸಿನವರನ್ನು ನಾನು ಕಂಡಿದ್ದೇನೆ. ಪರೀಕ್ಷೆಯೋ ಮನೆಯ ಜಗಳವೋ ಮನಸ್ಸನ್ನು ಹಿಂಡುತ್ತಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಉಪನ್ಯಾಸಕರ ಹತ್ತಿರವೂ ಹೇಳಿಕೊಳ್ಳಿ.

ರಸ್ತೆ ಅಪಘಾತ ಕಂಡರೆ ಕೇಸಿನ ಭಯದಿಂದ ಮುಂದೆ ಹೋಗಬೇಡಿ. ಗಾಯಾಳುವಿಗೆ ನೆರವಾದವರನ್ನು ಪೊಲೀಸರು, ಆಸ್ಪತ್ರೆಯವರು ಪೀಡಿಸಬಾರದು ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. 2019ರಲ್ಲಿ ಅದು ಮೋಟಾರು ವಾಹನ ಕಾಯ್ದೆಗೂ ಸೇರಿತು. ಹೆಸರು ಹೇಳಲು ಇಷ್ಟವಿಲ್ಲದಿದ್ದರೆ ಹೇಳಬೇಕಾಗಿಲ್ಲ.

ನಿಮ್ಮಲ್ಲಿ ಕೆಲವರು ನೀಟ್ ಬರೆಯುತ್ತೀರಿ. ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್‌ಗೆ ಐದೂವರೆ ವರ್ಷ, ನಂತರ ತುರ್ತು ವೈದ್ಯಶಾಸ್ತ್ರದ ಎಂಡಿಗೆ ಮೂರು ವರ್ಷ. ಈ ಕೆಲಸದಲ್ಲಿ ಹಬ್ಬ, ರಾತ್ರಿ ಎಂಬುದಿಲ್ಲ. ಬೈಗುಳವೂ ಇದೆ. ಆದರೆ ಬಂದವನ ಜಾತಿ, ಜೇಬು, ಶಿಫಾರಸು ಕೇಳದೆ ಉಸಿರನ್ನು ಮಾತ್ರ ನೋಡಿ ಸರದಿ ಕೊಡುವ ಜಾಗಗಳು ನಮ್ಮ ಊರುಗಳಲ್ಲಿ ಎಷ್ಟಿವೆ, ನೀವೇ ಯೋಚಿಸಿ.