ವೈದ್ಯ ಹಾಗೂ ಎಂಜಿನಿಯರ್ ಪದವೀಧರರ ವೃತ್ತಿಪಲ್ಲಟ: ಸಮಾಜವು ತೆರುವ ಬೆಲೆ

ವೈದ್ಯಕೀಯ, ಎಂಜಿನಿಯರಿಂಗ್ ಮುಂತಾದ ದುರ್ಲಭ ವಿದ್ಯೆಗಳನ್ನು ಸಾರ್ವಜನಿಕರ ಹಣದಿಂದ ಕಲಿತವರು ಆ ವೃತ್ತಿಗಳನ್ನು ತೊರೆದು ನಾಗರಿಕ ಸೇವೆಗಳನ್ನು ಸೇರುವುದು ದೇಶಕ್ಕೆ ನಷ್ಟವೆಂಬ ದೂರು ನಮ್ಮಲ್ಲಿ ಹಳೆಯದು. 2023ರಲ್ಲಿ ಸಂಸತ್ತಿನ ಸ್ಥಾಯೀ ಸಮಿತಿಯೊಂದು ಈ ದೂರಿಗೆ ಅಂಕಿಗಳ ಆಧಾರವನ್ನು ಒದಗಿಸಿತು. 2020ರಲ್ಲಿ ಆಯ್ಕೆಯಾದ 833 ಮಂದಿಯಲ್ಲಿ 541 ಮಂದಿ ಎಂಜಿನಿಯರಿಂಗ್ ಓದಿದವರು; 33 ಮಂದಿ ವೈದ್ಯಕೀಯ ಓದಿದವರು. ಇಂತಹ ತಜ್ಞರು ತಮ್ಮ ಕ್ಷೇತ್ರಗಳಿಗೆ ಇಲ್ಲವಾಗುತ್ತಿರುವರೆಂದು ಸಮಿತಿಯು ಕಳವಳಪಟ್ಟಿತು. ಕಳವಳವು ನ್ಯಾಯವಾದುದೇ. ಆದರೆ ಅದು ನಷ್ಟವನ್ನು ಹುಡುಕಿದ ಸ್ಥಳ ಸರಿಯೇ ಎಂಬುದನ್ನು ನಾವಿಲ್ಲಿ ವಿಚಾರಮಾಡಬೇಕಾಗಿದೆ.

ಒಬ್ಬ ವೈದ್ಯನನ್ನು ರೂಪಿಸಲು ಬೊಕ್ಕಸದಿಂದ ವೆಚ್ಚವಾದುದನ್ನೆಲ್ಲ ಕೂಡಿಸಿ, ಆತನು ಜಿಲ್ಲಾಧಿಕಾರಿಯಾದೊಡನೆ ಅದಷ್ಟೂ ನೀರುಪಾಲಾಯಿತೆಂದು ಹೇಳುವುದು ವಾಡಿಕೆ. ಅರ್ಥಶಾಸ್ತ್ರದ ದೃಷ್ಟಿಯಿಂದ ಈ ಲೆಕ್ಕ ದೋಷಯುಕ್ತವಾದುದು. ಮಾಡಿ ಮುಗಿದ ವೆಚ್ಚವು ಆತನು ವೈದ್ಯನಾಗಿ ಉಳಿದರೂ ಮರಳಿ ಬಾರದು. ವೈದ್ಯನಾಗಿ ಮುಂದೆ ಸಲ್ಲಿಸಬಹುದಾಗಿದ್ದ ಸೇವೆಗೂ ಅಧಿಕಾರಿಯಾಗಿ ಸಲ್ಲಿಸುವ ಸೇವೆಗೂ ಇರುವ ಅಂತರವೊಂದೇ ಇಲ್ಲಿ ಗಣನೀಯ. ಆ ಅಂತರ ಲಾಭದ ಕಡೆಗೂ ವಾಲಬಹುದು. ದೆಹಲಿಯ ಐಐಟಿಯಲ್ಲಿ ಎಂಜಿನಿಯರಿಂಗ್ ಕಲಿತ ರಘುರಾಮ ರಾಜನ್ ಅವರು ಅರ್ಥಶಾಸ್ತ್ರಕ್ಕೆ ತಿರುಗಿ 2013ರಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರ್ ಆದುದನ್ನು ನಷ್ಟದ ಬಾಬಿಗೆ ಹಾಕುವವರು ವಿರಳ.

ವೈದ್ಯಕೀಯ ಸೀಟಿನ ವಿಷಯ ಮಾತ್ರ ತುಸು ಬೇರೆ. ಐಐಟಿಯಂತಹ ಸಂಸ್ಥೆಗಳನ್ನು ಬಿಟ್ಟರೆ ಅನೇಕ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸೀಟುಗಳು ಖಾಲಿ ಉಳಿಯುತ್ತವೆ. ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿಯೋ, ಕಲಿತವನು ವೃತ್ತಿಯನ್ನು ಬಿಟ್ಟನೆಂದರೆ ಸೀಟು ದೊರೆಯದೆ ಹಿಂದಿರುಗಿದ ಇನ್ನೊಬ್ಬನೂ ವೈದ್ಯನಾಗದೆ ಉಳಿದಂತಾಯಿತು. ನಮ್ಮ ರಾಜ್ಯವು 2012ರಲ್ಲಿ ವೈದ್ಯ ಪದವೀಧರರಿಗೆ ಒಂದು ವರ್ಷದ ಕಡ್ಡಾಯ ಸೇವೆಯನ್ನು ವಿಧಿಸುವ ಕಾಯಿದೆಯನ್ನು ಮಾಡಿತು. ಹಾಗೆ ಒಂದು ವರ್ಷವನ್ನು ಪಡೆಯಬಹುದಲ್ಲದೆ ಮುಂದಿನ ಮೂವತ್ತು ವರ್ಷಗಳನ್ನು ಯಾವ ಕಾಯಿದೆಯೂ ಹಿಡಿದಿಡಲಾರದು.

ಇಷ್ಟಾದರೂ, ವರ್ಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಎಂಬಿಬಿಎಸ್ ಸೀಟುಗಳಿರುವ ದೇಶದಲ್ಲಿ 33 ಎಂಬುದು ಅತ್ಯಲ್ಪ ಸಂಖ್ಯೆ. ನಮ್ಮ ಅಭಿಪ್ರಾಯದಲ್ಲಿ ನಿಜವಾದ ನಷ್ಟ ಇರುವುದು ಆಯ್ಕೆಯಾದವರಲ್ಲಲ್ಲ, ಆಯ್ಕೆಯಾಗದೆ ಉಳಿದವರಲ್ಲಿ. 2022ರ ಪರೀಕ್ಷೆಗೆ ಅರ್ಜಿ ಹಾಕಿದವರು 11,35,697 ಮಂದಿ. ಪ್ರಾಥಮಿಕ ಪರೀಕ್ಷೆಗೆ ಕುಳಿತವರು 5,73,735. ಕೊನೆಗೆ ಆಯ್ಕೆಯಾದವರು 933. ಸಾಮಾನ್ಯ ವರ್ಗದವರಿಗೆ 32ನೆಯ ವಯಸ್ಸಿನೊಳಗೆ ಆರು ಪ್ರಯತ್ನಗಳಿಗೆ ಅವಕಾಶವುಂಟು. ಇತರ ವರ್ಗಗಳಿಗೆ ಇನ್ನೂ ಹೆಚ್ಚು. ದೆಹಲಿಯ ರಾಜೇಂದ್ರನಗರದಲ್ಲಿಯೋ ಬೆಂಗಳೂರಿನ ವಿಜಯನಗರದಲ್ಲಿಯೋ ಬಾಡಿಗೆಯ ಕೋಣೆ ಹಿಡಿದು ಇತಿಹಾಸ ರಾಜ್ಯಶಾಸ್ತ್ರಗಳನ್ನು ಉರುಹೊಡೆಯುವ ತರುಣ ವೈದ್ಯನು ಆ ವರ್ಷಗಳಲ್ಲಿ ವೈದ್ಯನೂ ಅಲ್ಲ, ಅಧಿಕಾರಿಯೂ ಅಲ್ಲ. ರೋಗಿಯ ನಾಡಿ ಹಿಡಿಯದ ಕೈ ಬೇಗನೆ ಪಳಗು ತಪ್ಪುತ್ತದೆ. ಸೋತು ಹಿಂದಿರುಗುವವನು ಓದಿದ ವಿದ್ಯೆಯ ಒಂದಂಶವನ್ನು ಕಳೆದುಕೊಂಡೇ ಹಿಂದಿರುಗುತ್ತಾನೆ. ಆಯ್ಕೆಯಾದವರ ಪಟ್ಟಿಯನ್ನು ಮಾತ್ರ ಎಣಿಸುವ ಲೆಕ್ಕದಲ್ಲಿ ಈತನಿಗೆ ಸ್ಥಳವಿಲ್ಲ.

ಪ್ರಯತ್ನಗಳನ್ನು ಕಡಮೆ ಮಾಡಬೇಕೆಂದು ಕೆಲವರು ಸೂಚಿಸುವುದುಂಟು. ಅದರ ಪೆಟ್ಟು ಮೊದಲು ಬೀಳುವುದು ತಡವಾಗಿ ಆರಂಭಿಸುವ ಹಳ್ಳಿಯ ಅಭ್ಯರ್ಥಿಗಳ ಮೇಲೆ. ಪರೀಕ್ಷೆಯ ಅವಧಿಯನ್ನೇ ಮೊಟಕುಗೊಳಿಸುವುದು ಹೆಚ್ಚು ಉಚಿತವೆಂದು ನಮಗೆ ತೋರುತ್ತದೆ. 2022ರ ಜೂನ್ 5ರಂದು ಆರಂಭವಾದ ಪರೀಕ್ಷೆಯ ಅಂತಿಮ ಫಲಿತಾಂಶ ಪ್ರಕಟವಾದುದು 2023ರ ಮೇ 23ರಂದು. ಆ ವರ್ಷದ ಪ್ರಾಥಮಿಕ ಪರೀಕ್ಷೆ ನಡೆದುದು ಮೇ 28ರಂದು. ಸಂದರ್ಶನದವರೆಗೆ ಹೋಗಿ ಸೋತವನಿಗೆ, ಆಸ್ಪತ್ರೆಗೆ ಮರಳುವುದೋ ಮತ್ತೆ ಪರೀಕ್ಷೆಗೆ ಕೂರುವುದೋ ಎಂದು ಯೋಚಿಸಲು ದೊರೆತುದು ಐದು ದಿನಗಳು.